ತೇರಗಾಂವದ ಎಂಟುನೂರು ಮೀಟರ್

ಎಂಟುನೂರು ಮೀಟರ್ ಓಟದಲ್ಲಿ ಮೊದಲ ಇನ್ನೂರು ಮೀಟರ್ ಎಲ್ಲರೂ ಚೆಂದ ಓಡುತ್ತಾರೆ. ಐನೂರು ದಾಟಿದ ಮೇಲೆ ತೊಡೆ ಬಿಗಿದು, ಭುಜ ಕಿವಿಯ ಹತ್ತಿರ ಏರಿ, ಉಸಿರು ಗಂಟಲಲ್ಲೇ ಸಿಕ್ಕಿಕೊಂಡಾಗ ಯಾರು ಹೆಜ್ಜೆ ಉಳಿಸಿಕೊಳ್ಳುತ್ತಾರೋ ಅವರನ್ನು ನಾನು ನೋಡುತ್ತೇನೆ. ಉತ್ತರ ಕನ್ನಡದ ಹಳಿಯಾಳ ತಾಲೂಕಿನ ತೇರಗಾಂವದಲ್ಲಿ ಓಡುತ್ತ ಬೆಳೆದೆ, ಧಾರವಾಡದಲ್ಲಿ ಕಾಲೇಜಿನ ಪರವಾಗಿ ಓಡಿದೆ, ಆಮೇಲೆ ದೈಹಿಕ ಶಿಕ್ಷಕನಾಗಿ ಅದೇ ತಾಲೂಕಿನ ಮಕ್ಕಳನ್ನು ನಿವೃತ್ತಿಯ ತನಕ ಓಡಿಸಿದೆ. ಇಷ್ಟರಲ್ಲಿ ನನಗೆ ಗಟ್ಟಿಯಾಗಿ ಮನವರಿಕೆಯಾದ ಸಂಗತಿ ಒಂದೇ. ಎಂಟುನೂರು, ಸಾವಿರದೈನೂರು ಮೀಟರಿನ ಓಟಗಾರ ತಯಾರಾಗುವುದು ನಿಧಾನದ ಓಟದಿಂದ, ಅದೂ ತಿಂಗಳುಗಟ್ಟಲೆ, ವರ್ಷಗಟ್ಟಲೆ. ನಮ್ಮ ಭಾಗದಲ್ಲಿ ಓಡುವ ಕಾಲಿಗೆ ಬರವಿಲ್ಲ, ಕಾಯುವ ತಾಳ್ಮೆಗೆ ಬರ.

ನಾನು ಶಾಲೆಗೆ ಹೋಗುತ್ತಿದ್ದಾಗ ದೊಡ್ಡ ಓಟ ಗೆಲ್ಲುತ್ತಿದ್ದವರು ಹೆಚ್ಚಾಗಿ ಕಾಡಂಚಿನ ಹಳ್ಳಿಗಳಿಂದ ನಡೆದು ಬರುತ್ತಿದ್ದ ಹುಡುಗರು. ಸಿದ್ದಿ ಮನೆಗಳವರು, ದನ ಎಮ್ಮೆ ಸಾಕುವ ಗೌಳಿ ದಡ್ಡಿಗಳವರು, ಮರಾಠಾ ರೈತರ ಮಕ್ಕಳು. ಬೆಳಿಗ್ಗೆ ದನ ಬಿಟ್ಟು, ತಂಗಳು ರೊಟ್ಟಿ ಕಟ್ಟಿಕೊಂಡು, ತೇಗದ ಮರಗಳ ನಡುವಿನ ಕಾಲುದಾರಿಯಲ್ಲಿ ಅರ್ಧ ನಡೆದು ಅರ್ಧ ಓಡಿ ಶಾಲೆ ಮುಟ್ಟುತ್ತಿದ್ದರು. ಸಂಜೆ ಮತ್ತೆ ಅದೇ ದಾರಿ. ಅದನ್ನು ಯಾರೂ ತರಬೇತಿ ಎಂದು ಕರೆಯಲಿಲ್ಲ. ಆದರೆ ವರ್ಷವಿಡೀ ದಿನಕ್ಕೆರಡು ಸಲ ಸಾವಕಾಶವಾಗಿ ದೂರ ಕ್ರಮಿಸಿದ ದೇಹ ಅದು. ಊರೊಳಗಿದ್ದ ನಾವು ಚುರುಕಾಗಿದ್ದೆವು, ನೂರು ಮೀಟರಿನಲ್ಲಿ ಅವರನ್ನು ಹಿಂದೆ ಹಾಕುತ್ತಿದ್ದೆವು. ಎಂಟುನೂರಕ್ಕೆ ಬಂದರೆ ಕೊನೆಯ ಸುತ್ತಿನಲ್ಲಿ ಅವರು ನಮ್ಮನ್ನು ದಾಟಿ ಹೋಗುತ್ತಿದ್ದರು, ಮುಖದಲ್ಲಿ ಏನೂ ಆಗದವರ ಹಾಗೆ. ಈಗ ಬಸ್ಸು ಬಂದಿದೆ, ಮನೆಗೊಂದು ಬೈಕು ಬಂದಿದೆ, ಅದು ಒಳ್ಳೆಯದೇ. ಮಕ್ಕಳು ದಣಿದು ಶಾಲೆಗೆ ಬರಬೇಕೆಂದು ಯಾವ ಶಿಕ್ಷಕನೂ ಬಯಸುವುದಿಲ್ಲ. ಆದರೆ ಆ ದಾರಿ ತಾನಾಗಿ ಕೊಡುತ್ತಿದ್ದ ದಮ್ಮನ್ನು ಈಗ ನಾವು ಮೈದಾನದಲ್ಲಿ ಕೊಡಬೇಕು.

ನಮ್ಮ ಪಿ.ಟಿ. ಮಾಸ್ತರರು ಇದನ್ನು ಹೇಗೋ ಅರಿತಿದ್ದರು. ದೀಪಾವಳಿ ಮುಗಿದ ಮೇಲೆ ಭತ್ತ ಕೊಯ್ದ ಗದ್ದೆಗಳ ಪಕ್ಕದ ಚಕ್ಕಡಿ ದಾರಿಯಲ್ಲಿ ನಮ್ಮನ್ನು ಹೊರಡಿಸುತ್ತಿದ್ದರು. ತಾವು ಸೈಕಲ್ ಮೇಲೆ ಹಿಂದೆ. ಯಾರಾದರೂ ಜೋರು ಮಾಡಿದರೆ ಕೂಗುತ್ತಿದ್ದರು: "ಯಾಕೋ ಹಂಗ ಬಿಚ್ಚಿ ಓಡತಿ? ಮಾತಾಡ್ಕೋಂತ ಓಡ್ರೋ. ಮಾತು ನಿಂತ್ರ ಓಟ ಕಡಿಮಿ ಮಾಡ್ರಿ."

"ಸರ್, ಇಷ್ಟು ಸಾವಕಾಶ ಓಡಿದ್ರ ಗೆಲ್ಲೂದು ಹ್ಯಾಂಗ್ರಿ?"

"ಈಗ ಏನ್ ಗೆಲ್ಲೂದೈತಿ? ಗೆಲ್ಲೂದು ಶ್ರಾವಣದಾಗ ನೋಡೂಣು."

ಧಾರವಾಡಕ್ಕೆ ಹೋದ ಮೇಲೆ ನನಗೆ ಈ ಮಾತಿನ ಹಿಂದಿನ ಶಾಸ್ತ್ರ ಸಿಕ್ಕಿತು. ಕಾಲೇಜಿನ ಗ್ರಂಥಾಲಯದಲ್ಲಿ ಆರ್ಥರ್ ಲಿಡಿಯಾರ್ಡ್ ಎಂಬ ನ್ಯೂಜಿಲೆಂಡಿನ ಕೋಚ್ ಬಗ್ಗೆ ಓದಿದೆ. ಲಿಡಿಯಾರ್ಡ್ ಶೂ ಕಾರ್ಖಾನೆಯಲ್ಲಿ ದುಡಿದ ಮನುಷ್ಯ, ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು ಕಲಿತವರು. ಎಂಟುನೂರು ಮೀಟರ್ ಓಡುವ ಪೀಟರ್ ಸ್ನೆಲ್‌ರನ್ನು ವಾರಕ್ಕೆ ನೂರು ಮೈಲಿ, ಅಂದರೆ ಸುಮಾರು 160 ಕಿಲೋಮೀಟರ್ ಓಡಿಸುತ್ತಿದ್ದರು. ಭಾನುವಾರಗಳಂದು ವೈಟಾರುವಾ ಗುಡ್ಡದ ಸುತ್ತಿನಲ್ಲಿ ಮೂವತ್ತೈದು ಕಿಲೋಮೀಟರ್. ಎರಡು ನಿಮಿಷದೊಳಗೆ ಮುಗಿಯುವ ಓಟಕ್ಕೆ ಇಷ್ಟೊಂದು ದೂರ ಯಾಕೆ ಎಂದು ಆ ಕಾಲದಲ್ಲಿ ಎಲ್ಲರೂ ಕೇಳಿದರು. 1960ರ ರೋಮ್ ಒಲಿಂಪಿಕ್ಸಿನಲ್ಲಿ ಸ್ನೆಲ್ ಎಂಟುನೂರು ಗೆದ್ದರು. 1964ರಲ್ಲಿ ಟೋಕಿಯೋದಲ್ಲಿ ಎಂಟುನೂರು ಮತ್ತು ಸಾವಿರದೈನೂರು ಎರಡನ್ನೂ ಗೆದ್ದರು. ನನ್ನ ಮನಸ್ಸಿಗೆ ಹೆಚ್ಚು ಹತ್ತಿರವಾದದ್ದು 1962ರ ಸಂಗತಿ. ಆ ವರ್ಷ ಕ್ರೈಸ್ಟ್‌ಚರ್ಚ್‌ನಲ್ಲಿ ಸ್ನೆಲ್ 1 ನಿಮಿಷ 44.3 ಸೆಕೆಂಡಿನ ವಿಶ್ವದಾಖಲೆ ಮಾಡಿದ್ದು ಹುಲ್ಲಿನ ಟ್ರ್ಯಾಕಿನ ಮೇಲೆ. ಸಿಂಥೆಟಿಕ್ ಟ್ರ್ಯಾಕ್ ಇಲ್ಲ, ಹೀಗಾಗಿ ನಮ್ಮ ಮಕ್ಕಳಿಂದ ಆಗುವುದಿಲ್ಲ ಎನ್ನುವವರಿಗೆ ನಾನು ಇದನ್ನು ಹೇಳುತ್ತ ಬಂದಿದ್ದೇನೆ.

ಕಾರಣ ದೇಹದೊಳಗಿದೆ. ಎಂಟುನೂರು ಮೀಟರಿಗೆ ಬೇಕಾದ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರನೇ ಎರಡು ಪಾಲು ನಾವು ಉಸಿರಾಡುವ ಆಮ್ಲಜನಕದ ಬಲದಿಂದಲೇ ಬರುತ್ತದೆ. ಸಾವಿರದೈನೂರರಲ್ಲಿ ಅದು ಐದರಲ್ಲಿ ನಾಲ್ಕು ಪಾಲಿನಷ್ಟು. ಉಳಿದದ್ದನ್ನು ಸ್ನಾಯು ಆಮ್ಲಜನಕವಿಲ್ಲದೆ ಹುಟ್ಟಿಸಿಕೊಳ್ಳುತ್ತದೆ, ಆಗ ಸ್ನಾಯುವಿನಲ್ಲೂ ರಕ್ತದಲ್ಲೂ ಆಮ್ಲತೆ ಏರಿ ಕಾಲು ಕಟ್ಟಿಹಾಕಿದಂತಾಗುತ್ತದೆ. ಹಗುರಾಗಿ ಬಹಳ ದೂರ ಓಡಿದವನ ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತ ನೂಕುತ್ತದೆ. ಸ್ನಾಯುಗಳ ಸುತ್ತ ಸಣ್ಣ ರಕ್ತನಾಳಗಳು ಹೆಚ್ಚುತ್ತವೆ, ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಕಣಗಳು ಹೆಚ್ಚುತ್ತವೆ. ಇದು ಒಂದು ತಿಂಗಳಲ್ಲಿ ಆಗುವ ಕೆಲಸವಲ್ಲ. ವೇಗದ ಅಭ್ಯಾಸ ಏಳೆಂಟು ವಾರದಲ್ಲಿ ಫಲ ಕೊಡುತ್ತದೆ, ಆದರೆ ಕೆಳಗೆ ಈ ತಳಪಾಯ ಇಲ್ಲದಿದ್ದರೆ ಆ ಫಲ ಅಷ್ಟೇ ಬೇಗ ಹೋಗುತ್ತದೆ.

ತೊಡಕು ನಮ್ಮ ಶಾಲಾ ಪಂಚಾಂಗದಲ್ಲಿದೆ. ಜೂನ್‌ನಲ್ಲಿ ಶಾಲೆ ಶುರು. ವಲಯ, ತಾಲೂಕು ಮಟ್ಟದ ಕ್ರೀಡಾಕೂಟಗಳು ಆಗಸ್ಟ್, ಸೆಪ್ಟೆಂಬರಿನ ಆಸುಪಾಸು. ಅಲ್ಲಿ ಗೆದ್ದವರು ಶಿರಸಿ ಶೈಕ್ಷಣಿಕ ಜಿಲ್ಲೆಯ ಕೂಟಕ್ಕೆ. ಅಂದರೆ ನಾಟಿಯ ಮಳೆ ಸುರಿಯುತ್ತಿರುವಾಗ, ಮೈದಾನದಲ್ಲಿ ಕೆಸರಿರುವಾಗ, ಎರಡೇ ತಿಂಗಳಲ್ಲಿ ಓಟಗಾರನನ್ನು ತಯಾರಿಸಬೇಕು. ಶಿಕ್ಷಕ ಏನು ಮಾಡುತ್ತಾನೆ? ಹುಡುಗರನ್ನು ಸಾಲಾಗಿ ನಿಲ್ಲಿಸಿ, ಸೀಟಿ ಊದಿ, ದಿನವೂ ಪೂರ್ತಿ ಎಂಟುನೂರು ಓಡಿಸುತ್ತಾನೆ, ದಿನವೂ ಗಡಿಯಾರ ಹಿಡಿಯುತ್ತಾನೆ. ಮೊದಲ ಮೂರು ವಾರ ಟೈಮು ಇಳಿಯುತ್ತದೆ. ಆಮೇಲೆ ನಿಲ್ಲುತ್ತದೆ, ಕೆಲವರದು ಏರುತ್ತದೆ. ಹುಡುಗನಿಗೆ ಬೇಸರ ಬರುತ್ತದೆ, ಕಣಕಾಲು ನೋಯುತ್ತದೆ, "ಇವನಿಗೆ ದಮ್ಮಿಲ್ಲ" ಎಂಬ ಮಾತು ಅಂಟುತ್ತದೆ. ಹೀಗೆ ಒಂಬತ್ತನೇ ತರಗತಿಯಲ್ಲೇ ಓಟ ಬಿಟ್ಟ ಮಕ್ಕಳು ಈ ತಾಲೂಕಿನಲ್ಲಿ ಬಹಳ. ಅವರಲ್ಲಿ ಕೆಲವರು ನಾನು ಕಂಡ ಅತ್ಯುತ್ತಮ ಓಟಗಾರರಾಗಬಹುದಿತ್ತು. ಇದನ್ನು ನೆನೆದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ನಾನು ಮಾಸ್ತರರ ಪಂಚಾಂಗವನ್ನೇ ಹಿಡಿದೆ. ನವೆಂಬರಿನಿಂದ ಫೆಬ್ರವರಿ ತನಕ ಮಾತಾಡುತ್ತ ಓಡುವುದು, ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪವೇ ದೂರ ಏರಿಸುವುದು. ಆ ತಿಂಗಳುಗಳಲ್ಲಿ ನಮ್ಮ ಕಡೆ ಬೆಳಿಗ್ಗೆ ಚಳಿ ಇರುತ್ತದೆ, ನೆಲ ಒಣಗಿರುತ್ತದೆ. ಕಬ್ಬಿನ ಟ್ರ್ಯಾಕ್ಟರುಗಳು ಹಳಿಯಾಳದ ಸಕ್ಕರೆ ಕಾರ್ಖಾನೆಗೆ ಸಾಲುಗಟ್ಟುವುದರಿಂದ ಡಾಂಬರು ರಸ್ತೆ ಬಿಟ್ಟು ಹೊಲದ ದಾರಿ, ಕೆರೆ ಏರಿ, ಕಾಡಿನ ಅಂಚು ಹಿಡಿಯುತ್ತಿದ್ದೆವು. ಅದೇ ಒಳ್ಳೆಯದಾಯಿತು. ಮಣ್ಣಿನ ನೆಲ ಕಾಲಿನ ಮೂಳೆಗೆ ಮೆತ್ತಗೆ, ಏರಿಳಿತ ತೊಡೆಗೆ ಬಲ. ಸ್ವೀಡನ್ನಿನ ಗುಂಡರ್ ಹೇಗ್ ವಾಲಾಡಾಲೆನ್ ಎಂಬಲ್ಲಿನ ಕಾಡುದಾರಿಗಳಲ್ಲಿ, ಮೆತ್ತನೆಯ ನೆಲದ ಮೇಲೆ, ಹಿಮದಲ್ಲಿ ಓಡಿಯೇ 1945ರಲ್ಲಿ ಒಂದು ಮೈಲಿಯನ್ನು 4 ನಿಮಿಷ 1.4 ಸೆಕೆಂಡಿನಲ್ಲಿ ಮುಗಿಸಿದ್ದು. ಅದೇ ದೇಶದಲ್ಲಿ ಯೋಸ್ಟಾ ಹೋಲ್ಮೇರ್ 1930ರ ದಶಕದಲ್ಲಿ ರೂಪಿಸಿದ ಫಾರ್ಟ್‌ಲೆಕ್ ಪದ್ಧತಿ ನಮ್ಮ ಹೊಲದ ದಾರಿಗೆ ಹೇಳಿ ಮಾಡಿಸಿದ್ದು. ಆ ಮಾವಿನ ಮರದ ತನಕ ಜೋರು, ಮುಂದಿನ ಬದುವಿನ ತನಕ ಹಗುರ, ಏರು ಬಂದರೆ ಮತ್ತೆ ಜೋರು. ಗಡಿಯಾರವೂ ಬೇಡ, ಸುಣ್ಣದ ಗೆರೆಯೂ ಬೇಡ. ಮಕ್ಕಳಿಗೆ ಇದು ಆಟ. ಮುಗಿದಾಗ ಎಷ್ಟು ಓಡಿದೆವೆಂಬುದೇ ಅವರಿಗೆ ಗೊತ್ತಿರುತ್ತಿರಲಿಲ್ಲ.

ಮಾರ್ಚ್‌ನಲ್ಲಿ ಪರೀಕ್ಷೆ, ಏಪ್ರಿಲ್ ಮೇ ತಿಂಗಳಲ್ಲಿ ಮದುವೆ, ಜಾತ್ರೆ, ಬಿಸಿಲು. ಆಗ ಊರಲ್ಲಿ ಉಳಿದವರನ್ನು ಸೂರ್ಯ ಹುಟ್ಟುವ ಮೊದಲು ಕೆರೆ ಏರಿಯ ಇಳಿಜಾರಿನಲ್ಲಿ ಏರು ಓಡಿಸುತ್ತಿದ್ದೆ. ಮೊಣಕಾಲು ಎತ್ತಿ, ತೋಳು ಬೀಸಿ, ಸಣ್ಣ ಏರು. ಇಳಿಯುವಾಗ ನಡಿಗೆ. ಜೂನ್ ಬಂದ ಮೇಲೆ ಮಾತ್ರ ಇಂಟರ್ವಲ್. ನಾನೂರು ಮೀಟರ್ ಗುರಿಯ ವೇಗದಲ್ಲಿ ಓಡಿ, ಹಗುರಾಗಿ ಜಾಗ್ ಮಾಡಿ, ಮತ್ತೆ ನಾನೂರು. ಜರ್ಮನಿಯ ವೋಲ್ಡೆಮಾರ್ ಗೆರ್ಶ್ಲರ್ ಈ ಪದ್ಧತಿಯಿಂದ ರುಡಾಲ್ಫ್ ಹಾರ್ಬಿಗ್ ಎಂಬ ಓಟಗಾರನನ್ನು 1939ರಲ್ಲೇ ಎಂಟುನೂರು ಮೀಟರಿಗೆ 1 ನಿಮಿಷ 46.6 ಸೆಕೆಂಡಿಗೆ ತಂದಿದ್ದರು. ಪದ್ಧತಿ ಒಳ್ಳೆಯದು. ಆದರೆ ಹದಿನಾಲ್ಕರ ಹುಡುಗನಿಗೆ ವಾರದಲ್ಲಿ ಎರಡು ಸಲಕ್ಕಿಂತ ಹೆಚ್ಚು ಕೊಟ್ಟರೆ ಅದು ಅವನನ್ನು ತಿನ್ನುತ್ತದೆ ಎಂಬುದು ನನ್ನ ಅನುಭವ. ಬಿಗಿಯಾದ ದಿನದ ಮರುದಿನ ಹಗುರ ದಿನ ಇರಲೇಬೇಕು. ದೇಹ ಬಲವಾಗುವುದು ಆ ಹಗುರ ದಿನದಲ್ಲಿ, ರಾತ್ರಿಯ ನಿದ್ದೆಯಲ್ಲಿ. ಪಾಲಕರಿಗೆ ಇದನ್ನು ಒಪ್ಪಿಸುವುದು ಹುಡುಗರಿಗೆ ಒಪ್ಪಿಸುವುದಕ್ಕಿಂತ ಕಷ್ಟ. "ಸರ್, ನಿನ್ನೆ ಬರೇ ಇಪ್ಪತ್ತು ಮಿನಿಟ್ ಓಡಿಸಿದ್ರಂತಲ್ರಿ" ಎಂದು ಒಬ್ಬ ತಂದೆ ಶಾಲೆಗೇ ಬಂದು ಕೇಳಿದ್ದರು.

ಹಳಿಯಾಳ ಕುಸ್ತಿಯ ಊರು. ಅಲ್ಲಿನ ಪೈಲವಾನರಿಂದ ನಾನು ಬಹಳ ಕಲಿತೆ. ಬೈಠಕ್, ದಂಡ, ಹಗ್ಗ ಹತ್ತುವುದು, ಕೆಮ್ಮಣ್ಣಿನಲ್ಲಿ ಬರಿಗಾಲ ಕೆಲಸ. ಎಂಟುನೂರರ ಕೊನೆಯ ನೂರು ಮೀಟರಿನಲ್ಲಿ ಸೊಂಟ ಕುಸಿಯದೆ ನಿಲ್ಲಬೇಕಾದರೆ ತೊಡೆ, ಬೆನ್ನು, ಹೊಟ್ಟೆ ಗಟ್ಟಿ ಇರಬೇಕು. ಜಿಮ್ ಬೇಕಿಲ್ಲ. ಗರಡಿಯ ಬೈಠಕನ್ನು ವಾರದಲ್ಲಿ ಎರಡು ದಿನ ಮಿತವಾಗಿ ಮಾಡಿಸಿದ ಮಕ್ಕಳಿಗೆ ಕಾಲುನೋವು ಕಡಿಮೆಯಾದದ್ದನ್ನು ಕಂಡಿದ್ದೇನೆ. ಊಟದಲ್ಲೂ ಪೈಲವಾನರಿಗೆ ಶಿಸ್ತಿದೆ, ನಮ್ಮ ಓಟಗಾರರಿಗಿಲ್ಲ. ಬೆಳಿಗ್ಗೆ ಬರೀ ಚಹಾ ಕುಡಿದು ಓಡಿ, ಹಾಗೇ ಶಾಲೆಗೆ ಹೋಗುವ ಹುಡುಗರು ಈಗಲೂ ಇದ್ದಾರೆ. ಓಟ ಮುಗಿದ ಅರ್ಧ ಗಂಟೆಯೊಳಗೆ ಶೇಂಗಾ, ಬೆಲ್ಲ, ಬಾಳೆಹಣ್ಣು, ಮೊಳಕೆ ಹೆಸರು, ಸಾಧ್ಯವಿದ್ದರೆ ಮೊಟ್ಟೆ ಇಷ್ಟು ಸಿಕ್ಕರೂ ಸಾಕು.

ವೇಗದ ಲೆಕ್ಕಾಚಾರ ಕಲಿಸುವುದಕ್ಕೆ ನಾನು ಶ್ರೀರಾಮ್ ಸಿಂಗ್ ಕಥೆ ಹೇಳುತ್ತಿದ್ದೆ. ರಜಪುತಾನಾ ರೈಫಲ್ಸ್‌ನ ಸಿಪಾಯಿ, ಕೋಚ್ ಇಲ್ಯಾಸ್ ಬಾಬರ್ ಅವರ ಶಿಷ್ಯ. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನ ಎಂಟುನೂರರ ಫೈನಲ್‌ನಲ್ಲಿ ಮೊದಲ ಸುತ್ತನ್ನು 50.85 ಸೆಕೆಂಡಿನಲ್ಲಿ ಮುಗಿಸಿ ಇಡೀ ಜಗತ್ತಿನ ಮುಂದೆ ಓಡುತ್ತಿದ್ದರು. ಕ್ಯೂಬಾದ ಹುವಾಂಟೊರೇನಾ ದಾಟಿ ಹೋಗಿ 1 ನಿಮಿಷ 43.50 ಸೆಕೆಂಡಿನ ವಿಶ್ವದಾಖಲೆ ಮಾಡಿದರು. ಶ್ರೀರಾಮ್ ಏಳನೆಯವರಾದರು, ಆದರೆ ಅವರ 1 ನಿಮಿಷ 45.77 ಸೆಕೆಂಡನ್ನು ಯಾವ ಭಾರತೀಯನಿಗೂ ನಲವತ್ತೆರಡು ವರ್ಷ ಮುಟ್ಟಲಾಗಲಿಲ್ಲ. 2018ರಲ್ಲಿ ಜಿನ್ಸನ್ ಜಾನ್ಸನ್ ಗುವಾಹಾಟಿಯಲ್ಲಿ 1 ನಿಮಿಷ 45.65 ಸೆಕೆಂಡಿಗೆ ಓಡಿದಾಗ ಅದು ಮುರಿಯಿತು. ಅವರೂ ಸೇನೆಯವರೇ. ವೇಗವನ್ನು ಎರಡೂ ಸುತ್ತಿಗೆ ಹಂಚುವುದು ಹೇಗೆಂದರೆ, ಕೀನ್ಯಾದ ಡೇವಿಡ್ ರುಡಿಶಾ 2012ರಲ್ಲಿ ಲಂಡನ್ನಿನಲ್ಲಿ 1 ನಿಮಿಷ 40.91 ಸೆಕೆಂಡಿಗೆ ಓಡಿದಾಗ ಮೊದಲ ಸುತ್ತು 49.28, ಎರಡನೆಯದು 51.63. ಎರಡು ಸುತ್ತುಗಳ ನಡುವೆ ಎರಡೂವರೆ ಸೆಕೆಂಡು ಸಹ ಅಂತರವಿಲ್ಲ. ನಮ್ಮ ತಾಲೂಕು ಕೂಟಗಳಲ್ಲಿ ಆ ಅಂತರ ಹತ್ತು ಸೆಕೆಂಡು ದಾಟುವುದನ್ನು ಎಷ್ಟೋ ಸಲ ಬರೆದುಕೊಂಡಿದ್ದೇನೆ.

ಈ ಲೆಕ್ಕ ನಮ್ಮೂರ ಹುಡುಗರ ಬದುಕಿಗೆ ನೇರವಾಗಿ ತಾಗುವುದು ಮಿಲಿಟರಿ ಭರ್ತಿಯಲ್ಲಿ. ಬೆಳಗಾವಿಯ ಮರಾಠಾ ಲೈಟ್ ಇನ್ಫೆಂಟ್ರಿ ನಮಗೆ ಹತ್ತಿರ. ಈ ಭಾಗದ ಅನೇಕ ಮನೆಗಳಿಂದ ಒಬ್ಬರಾದರೂ ಸೇನೆಯಲ್ಲಿದ್ದಾರೆ. ನಾನು ಹುಡುಗರನ್ನು ತಯಾರು ಮಾಡುತ್ತಿದ್ದ ಕಾಲದ ರ‍್ಯಾಲಿಗಳಲ್ಲಿ 1600 ಮೀಟರನ್ನು ಐದೂವರೆ ನಿಮಿಷದೊಳಗೆ ಮುಗಿಸಿದವರಿಗೆ ಪೂರ್ತಿ 60 ಅಂಕ, ಅಲ್ಲಿಂದ ಐದು ಮುಕ್ಕಾಲು ನಿಮಿಷದ ತನಕ 48, ಅದು ದಾಟಿದರೆ ಮನೆ ದಾರಿ. ಐದೂವರೆ ನಿಮಿಷ ಎಂದರೆ ನಾನೂರು ಮೀಟರಿಗೆ ಎಂಬತ್ತೆರಡೂವರೆ ಸೆಕೆಂಡು. ನೂರಾರು ಜನ ಒಟ್ಟಿಗೆ ಹೊರಡುವಾಗ ಎದುರಿನವನನ್ನು ನೋಡಿ ಮೊದಲ ಸುತ್ತನ್ನು ಎಪ್ಪತ್ತಕ್ಕೆ ಓಡಿದವನು ಮೂರನೇ ಸುತ್ತಿನಲ್ಲಿ ಕುಸಿಯುತ್ತಾನೆ. ಹೀಗಾಗಿ ಇನ್ನೂರು ಮೀಟರನ್ನು ಗಡಿಯಾರ ನೋಡದೆ ನಲವತ್ತೊಂದು ಸೆಕೆಂಡಿಗೆ ಓಡಿ ಎಂದು ಅಭ್ಯಾಸ ಮಾಡಿಸುತ್ತಿದ್ದೆ. ಮುಗಿದ ಮೇಲೆ ಅವರೇ ಟೈಮು ಹೇಳಬೇಕು, ನಾನು ಆಮೇಲೆ ತೋರಿಸಬೇಕು. ಎರಡು ತಿಂಗಳಾಗುವಷ್ಟರಲ್ಲಿ ಒಂದು ಸೆಕೆಂಡಿನ ಒಳಗೆ ಸರಿಯಾಗಿ ಹೇಳುತ್ತಿದ್ದರು. ಭರ್ತಿಯ ಪ್ರಕಟಣೆ ಬಂದ ಮೇಲೆ ಓಡಲು ಶುರು ಮಾಡುವವರಿಗೆ ಈ ಹಿಡಿತ ಬರುವುದಿಲ್ಲ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ, 1928ರ ಆಂಸ್ಟರ್‌ಡ್ಯಾಮ್ ಒಲಿಂಪಿಕ್ಸಿನಲ್ಲಿ ಓಡಿಸಿದ ಎಂಟುನೂರನ್ನು ಅವರಿಗೆ ಭಾರ ಎಂದು ಹೇಳಿ ತೆಗೆದುಹಾಕಿ, 1960ರ ತನಕ ಮತ್ತೆ ಇಡಲಿಲ್ಲ. ಅಂಥದೇ ಮಾತನ್ನು ನಮ್ಮ ಹಳ್ಳಿಗಳಲ್ಲಿ ಈಗಲೂ ಕೇಳುತ್ತೇನೆ. ನಿಜವಾದ ಅಡ್ಡಿ ಬೇರೆ. ರಕ್ತಹೀನತೆ. ಕಬ್ಬಿಣದ ಅಂಶ ಕಡಿಮೆಯಾದ ರಕ್ತ ಸಾಕಷ್ಟು ಆಮ್ಲಜನಕ ಹೊರಲಾರದು, ಆ ಹುಡುಗಿ ಎಷ್ಟು ಓಡಿದರೂ ಟೈಮು ಇಳಿಯದು. ಓಟ ನಿಂತುಹೋದ ಹುಡುಗಿಯನ್ನು ಬೈಯುವ ಮೊದಲು ಆಸ್ಪತ್ರೆಗೆ ಕರೆದೊಯ್ದು ಹಿಮೋಗ್ಲೋಬಿನ್ ನೋಡಿಸಿ ಎಂದು ನನ್ನ ನಂತರ ಬಂದ ಶಿಕ್ಷಕರಿಗೆಲ್ಲ ಹೇಳಿದ್ದೇನೆ. ಇನ್ನೊಂದು ಅಡ್ಡಿ, ಹತ್ತನೇ ತರಗತಿ ಮುಗಿದೊಡನೆ ಹುಡುಗಿಯರ ಓಟವೂ ಮುಗಿಯುವುದು. ಎಂಟುನೂರರ ಓಟಗಾರ್ತಿ ಪೂರ್ಣವಾಗಿ ಅರಳುವುದು ಇಪ್ಪತ್ತು ದಾಟಿದ ಮೇಲೆ. ಹದಿನಾರಕ್ಕೇ ನಿಲ್ಲಿಸಿದರೆ ಆಕೆ ಏನಾಗಬಹುದಿತ್ತು ಎಂಬುದೇ ಯಾರಿಗೂ ತಿಳಿಯುವುದಿಲ್ಲ.

ತಾಳ್ಮೆಯ ಮಾತು ಬಂದಾಗ ಸಿದ್ದಿ ಮಕ್ಕಳ ಯೋಜನೆಯನ್ನು ನೆನೆಯದಿರಲು ಆಗುವುದಿಲ್ಲ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಸಿದ್ದಿ ಸಮುದಾಯದ ಮಕ್ಕಳನ್ನು ಆರಿಸಿ ವಸತಿ ಸಹಿತ ತರಬೇತಿ ಕೊಡತೊಡಗಿತು. ಆಗ ಕೇಂದ್ರದಲ್ಲಿ ಕ್ರೀಡಾ ಖಾತೆಯ ಸಚಿವೆಯಾಗಿದ್ದ ಮಾರ್ಗರೆಟ್ ಆಳ್ವ ಇದರ ಹಿಂದಿನ ಬಲವಾಗಿದ್ದರು. ನಮ್ಮ ಉತ್ತರ ಕನ್ನಡದ ಕಾಡುಗಳಿಂದ ಹೋದ ಮಕ್ಕಳು ಬೇಗನೆ ರಾಷ್ಟ್ರಮಟ್ಟದಲ್ಲಿ ಪದಕ ತಂದರು. ಕಮಲಾ ಸಿದ್ದಿಯ ಹೆಸರು ನಮ್ಮ ಕಡೆಯ ಶಾಲೆಗಳಲ್ಲಿ ಹರಡಿತ್ತು. 1993ರ ಹೊತ್ತಿಗೆ ಆ ಯೋಜನೆ ನಿಂತಿತು.

ಯೋಜನೆಯ ಹಿಂದಿದ್ದ ನಂಬಿಕೆ, ಆಫ್ರಿಕಾ ಮೂಲದವರಾದ್ದರಿಂದ ಓಟ ಅವರ ರಕ್ತದಲ್ಲಿದೆ ಎಂಬುದು. ನಾನು ಇದನ್ನು ಒಪ್ಪುವುದಿಲ್ಲ. ಕೀನ್ಯಾದ ಓಟಗಾರರು ಹೆಚ್ಚಾಗಿ ಬರುವುದು ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರಿಗೂ ಎತ್ತರದ ರಿಫ್ಟ್ ಕಣಿವೆಯ ಒಂದು ಸೀಮೆಯಿಂದ. ನಮ್ಮ ಸಿದ್ದಿಗಳ ಪೂರ್ವಜರು ಶತಮಾನಗಳ ಹಿಂದೆ ಪೂರ್ವ ಆಫ್ರಿಕಾದ ಬೇರೆ ಬೇರೆ ಭಾಗಗಳಿಂದ ಬಂದವರು. ಕೀನ್ಯಾದಲ್ಲೂ ಓಟಗಾರರನ್ನು ಬೆಳೆಸಿದ್ದು ವರ್ಷಗಟ್ಟಲೆ ಕಾಯುವ ತಾಳ್ಮೆ. ಅಲ್ಲಿನ ಇಟೆನ್ ಎಂಬ ಪಟ್ಟಣದ ಸೇಂಟ್ ಪ್ಯಾಟ್ರಿಕ್ಸ್ ಶಾಲೆಗೆ ಐರ್ಲೆಂಡಿನ ಬ್ರದರ್ ಕಾಮ್ ಒಕಾನಲ್ 1976ರಲ್ಲಿ ಶಿಕ್ಷಕರಾಗಿ ಬಂದರು. ಅಲ್ಲೇ ಉಳಿದರು. ರುಡಿಶಾ ಈ ಒಕಾನಲ್ ಕೈಯಲ್ಲಿ ಬೆಳೆದದ್ದು ಅದಾದ ಮೂರು ದಶಕದ ಮೇಲೆ. ನಮ್ಮ ಸಿದ್ದಿ ಮಕ್ಕಳಿಗೆ ಸಿಕ್ಕಿದ್ದು ಆರು ವರ್ಷ. ಹನ್ನೆರಡರಲ್ಲಿ ಸೇರಿದ ಮಗು ಹದಿನೆಂಟಕ್ಕೆ ಬರುವಷ್ಟರಲ್ಲಿ, ಅಂದರೆ ಎಂಟುನೂರರ ಓಟಗಾರನ ನಿಜವಾದ ಕಾಲ ಇನ್ನೇನು ಶುರುವಾಗಬೇಕು ಎನ್ನುವಾಗ ಬಾಗಿಲು ಹಾಕಿತು. ಈಚಿನ ವರ್ಷಗಳಲ್ಲಿ ಮುಂಡಗೋಡ ಕಡೆಯಲ್ಲಿ ಬ್ರಿಡ್ಜಸ್ ಆಫ್ ಸ್ಪೋರ್ಟ್ಸ್ ಸಂಸ್ಥೆ ಈ ಭಾಗದ ಮಕ್ಕಳ ಜೊತೆ ಮತ್ತೆ ಕೆಲಸ ಮಾಡುತ್ತಿದೆ. ಆ ಕೆಲಸ ಇಪ್ಪತ್ತು ವರ್ಷ ನಡೆಯಲಿ ಎಂಬುದು ನನ್ನ ಪ್ರಾರ್ಥನೆ. ಪದಕ ಎಷ್ಟು ಎಂದು ಐದನೇ ವರ್ಷಕ್ಕೇ ಕೇಳುವವರು ಆಗ ಇದ್ದರು, ಈಗಲೂ ಇರುತ್ತಾರೆ.

ತಾಲೂಕಿನ ದೈಹಿಕ ಶಿಕ್ಷಕರಿಗೆ, ಹುಡುಗರ ತಂದೆತಾಯಿಗಳಿಗೆ ನಾನು ಕೇಳಿಕೊಳ್ಳುವುದು ಇಷ್ಟು. ಕ್ರೀಡಾಕೂಟದ ಸುತ್ತೋಲೆ ಬರುವ ತನಕ ಕಾಯಬೇಡಿ. ಈ ಸಲ ಭತ್ತದ ಸುಗ್ಗಿ ಮುಗಿದೊಡನೆ ಎಂಟನೇ ತರಗತಿಯ ಮಕ್ಕಳನ್ನು, ಹುಡುಗಿಯರನ್ನೂ ಸೇರಿಸಿ, ಹೊಲದ ದಾರಿಗೆ ಹೊರಡಿಸಿ. ಫೆಬ್ರವರಿ ತನಕ ಯಾರ ಟೈಮನ್ನೂ ನೋಡಬೇಡಿ, ಯಾರನ್ನೂ ಇನ್ನೊಬ್ಬರ ಜೊತೆ ಹೋಲಿಸಬೇಡಿ. ಹತ್ತನೇ ತರಗತಿ ಮುಗಿದ ಮೇಲೂ ಅವರು ಬೆಳಿಗ್ಗೆ ಬಂದು ಓಡಲು ಶಾಲೆಯ ಮೈದಾನದ ಗೇಟು ತೆರೆದಿಡಿ.